ಉಳಿದ ಸಮಯ ಯಾರ ಪಾಲಿಗೆ?

ಎಕ್ಸೆಲ್‌ನಂತಹ ಕೋಷ್ಟಕ ತಂತ್ರಾಂಶದ ಮೂಲ ಕರಿಹಲಗೆಯಲ್ಲಿದೆ. ಹಲಗೆಯ ಮೇಲಿನ ಒಂದು ಅಂಕಿ ತಿದ್ದಿದರೆ ಉಳಿದವನ್ನೆಲ್ಲ ಅಳಿಸಿ ಬರೆಯಬೇಕಾದ ಪಾಡನ್ನು 1978ರಲ್ಲಿ ಹಾರ್ವರ್ಡ್ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಕಂಡರು. ಮರುವರ್ಷ ವಿಸಿಕ್ಯಾಲ್ಕ್ ಹುಟ್ಟಿತು.

ನಮ್ಮ ಮಂಕಿಯಂಥ ಊರುಗಳಲ್ಲಿಯೂ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಆರು ವಿಷಯಗಳ ಅಂಕಗಳನ್ನು ಕೂಡುವುದು ಅಂಥದೇ ಕೆಲಸ. ಮೊದಲ ಸಾಲಿಗೆ ಮೊತ್ತದ ಸೂತ್ರ ಬರೆದು, ಆ ಮನೆಯ ಬಲಬದಿಯ ಕೆಳಮೂಲೆಯನ್ನು ಹಿಡಿದು ಕೆಳಕ್ಕೆಳೆದರೆ 60 ಮಕ್ಕಳ ಮೊತ್ತ ಕ್ಷಣದಲ್ಲಿ ಸಿದ್ಧ.

ಆದರೆ ಹೀಗೆ ಉಳಿದ ಗಂಟೆಯಲ್ಲಿ ಅದೇ ಅಂಕಗಳನ್ನು ಮತ್ತೊಂದು ನಮೂನೆಯಲ್ಲಿ ಕೇಳಿದರೆ ಲಾಭವೇನು? ಗಣಿತದಲ್ಲಿ ಎಡವಿದ ಮಗುವಿಗೆ ಆ ಗಂಟೆ ಸಲ್ಲಬೇಕು. ಅಂಕಗಳನ್ನು ಯಂತ್ರ ಕೂಡಲಿ. ಮಗು ಎಲ್ಲಿ ತಪ್ಪಿತೆಂಬುದನ್ನು ಮಾಸ್ತರರೇ ಪಕ್ಕದಲ್ಲಿ ಕುಳಿತು ಕಾಣಬೇಕು. ಇಂದು ಶಾಲೆ, ಕಚೇರಿಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನಮೂನೆ ಕೇಳುವ ಮುನ್ನ ಇದನ್ನು ನೆನೆಯಿರಿ.