ಮೊದಲ ಸಲಕ್ಕೇ ಹಿಡಿಸಬೇಕಂತೆ!

"ಒಳ್ಳೆ ಸಂಗೀತ ಆದ್ರೆ ಕೇಳಿದ ಕೂಡಲೇ ಹಿಡಿಸಬೇಕು ಸಾರ್, ಹತ್ತು ಸಲ ಕೇಳಿ ಇಷ್ಟಪಡೋದಕ್ಕೆ ಅದೇನು ಹೋಮ್‌ವರ್ಕಾ?" ಚೆನ್ನೈಯ ನಮ್ಮ ಕನ್ನಡದವರ ಕೂಟಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಲೆಕ್ಕ ಇಡುವುದೇ ನನ್ನ ಕಸುಬು, ಆದರೂ!

ಇಳಯರಾಜರ 'ಹೌ ಟು ನೇಮ್ ಇಟ್?' ಆಲ್ಬಮ್ಮಿನ ಹೆಸರು ಎತ್ತಿದಾಗಲೆಲ್ಲ ಈ ಮಾತು ಬರುತ್ತದೆ. 1986ರಲ್ಲಿ ಬಂದದ್ದು. ಸಿನಿಮಾದ ಹಂಗಿಲ್ಲದ ಹತ್ತು ತುಣುಕುಗಳ ವಾದ್ಯಸಂಗೀತ, ಮುಂದೆ ನಿಂತು ನುಡಿಸಿದ್ದು ಪಿಟೀಲಿನ ವಿ.ಎಸ್. ನರಸಿಂಹನ್. ಅರ್ಪಣೆ ಇಬ್ಬರಿಗೆ: ತ್ಯಾಗರಾಜರಿಗೆ, ಜರ್ಮನಿಯ ಬಾಖ್‌ಗೆ. ಬಾಖ್ ತೀರಿಕೊಂಡದ್ದು 1750ರಲ್ಲಿ, ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ. ಭೇಟಿಯಾಗಲು ಸಾಧ್ಯವೇ ಇಲ್ಲದ ಇಬ್ಬರನ್ನು ಈ ಮನುಷ್ಯ ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ.

ನಾನು ಅದರ ಕ್ಯಾಸೆಟ್ ಕೊಂಡದ್ದು ಸ್ಪೆನ್ಸರ್ ಪ್ಲಾಜಾದಲ್ಲಿ, ಈ ಊರಿನ್ನೂ ಮದ್ರಾಸ್ ಆಗಿದ್ದಾಗ. ಮೊದಲ ಸಲ ಕೇಳಿದಾಗ ಪಿಟೀಲಿನ ಹಿಂದೆ ಏನೋ ಗದ್ದಲ ಅನ್ನಿಸಿತು. ಅನ್ನಿಸಬೇಕಾದ್ದೇ ಹಾಗೆ! ನಮ್ಮ ಕಿವಿ ಪಳಗಿರುವುದು ಒಂದೇ ಎಳೆ ಹಿಡಿದು ಹೋಗುವುದಕ್ಕೆ. ಶ್ರುತಿಯ ಮೇಲೆ ಒಂದು ರಾಗ, ಅದರ ಹಿಂದೆ ನಾವು. ಬಾಖ್ ದಾರಿಯೇ ಬೇರೆ. ಫ್ಯೂಗ್ ಅಂತ ಒಂದು ಕಟ್ಟಡವಿದೆ: ಒಂದು ದನಿ ಒಂದು ಸಾಲು ಹೇಳುತ್ತದೆ, ಅದು ಮುಂದಕ್ಕೆ ಹೋಗುತ್ತಿರುವಾಗಲೇ ಇನ್ನೊಂದು ದನಿ ಅದೇ ಸಾಲನ್ನು ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತದೆ, ಆಮೇಲೆ ಮತ್ತೊಂದು. ಬಿಕಾಂ ಓದಿದ ನನಗೆ ಅದು ಡಬಲ್ ಎಂಟ್ರಿಯ ಹಾಗೆ ಕಂಡಿತು. ಡೆಬಿಟ್ ಕಾಲಮ್ಮು ಮಾತ್ರ ನೋಡಿದರೆ ಅರ್ಥವಿಲ್ಲ, ಈ ಕಡೆಯ ಪ್ರತಿ ನಮೂದಿಗೆ ಆ ಕಡೆ ಒಂದು ಉತ್ತರವಿರುತ್ತದೆ.

ಅದರಲ್ಲಿ 'ಐ ಮೆಟ್ ಬಾಖ್ ಇನ್ ಮೈ ಹೌಸ್' ಅಂತ ಒಂದಿದೆ. ಬಾಖ್ ಒಂಟಿ ಪಿಟೀಲಿಗೆ ಬರೆದ ಮೂರನೆಯ ಪಾರ್ಟಿಟಾದ ಮೊದಲ ಭಾಗ ಓಡುತ್ತಿರುತ್ತದೆ. ಪಕ್ಕದಲ್ಲಿ ಇಳಯರಾಜರು ತಾವು ಬರೆದ ಇನ್ನೊಂದು ಎಳೆಯನ್ನು ತಂತಿವಾದ್ಯಗಳಿಂದ ನುಡಿಸುತ್ತಾರೆ. ಮೊದಮೊದಲು ಓಡುವ ಪಿಟೀಲು ಮಾತ್ರ ಕೇಳುತ್ತದೆ. ಐದಾರು ಸಲವಾದ ಮೇಲೆ ಒಂದು ದಿನ, ತಟ್ಟೆ ತೊಳೆಯುತ್ತಿರುವಾಗಲೋ ಏನೋ, ಕೆಳಗಿನ ಎಳೆ ತಾನಾಗಿ ಕಿವಿಗೆ ಬೀಳುತ್ತದೆ. ಆಮೇಲೆ ಮೊದಲಿನ ಹಾಗೆ ಕೇಳಬೇಕೆಂದರೂ ಆಗುವುದಿಲ್ಲ. ಮೊದಲ ದಿನವೇ ಇಷ್ಟೂ ಸಿಗಬೇಕು ಅಂದ್ರೆ ಹೇಗೆ ಸ್ವಾಮಿ?

ಇನ್ನು ಕೆಲವರದ್ದು ಬೇರೆ ತಕರಾರು. ಇದು ಬೆರಕೆ, ಶಾಸ್ತ್ರೀಯವೂ ಅಲ್ಲ, ವೆಸ್ಟರ್ನೂ ಅಲ್ಲ ಅಂತ. ಡಿಸೆಂಬರ್ ಸೀಸನ್ನಿನಲ್ಲಿ ಸಭಾದ ಕ್ಯಾಂಟೀನಿನಲ್ಲಿ ನಿಂತು ಹೇಳುವವರು ಇವರು. ಒಳಗೆ ನುಡಿಸುತ್ತಿರುವ ಪಿಟೀಲು ಎಲ್ಲಿಂದ ಬಂತಂತೆ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ಆ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ತಂದದ್ದು ಇದೇ ಮದ್ರಾಸಿನ ಸುತ್ತಮುತ್ತ. ಅಣ್ಣ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದು ನೋಟ್ಟುಸ್ವರ ಮಾಡಿದರು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು? ಕರ್ನಾಟಕ ಶೈಲಿಯಲ್ಲಿ 94 ಕೃತಿ ರಚಿಸಿದ ಅದೇ ದೊರೆ ರಷ್ಯಾದ ಮೆಟ್ನರ್‌ನ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರೂ ಆಗಿದ್ದರು. ಅವರನ್ನೂ ಬೆರಕೆ ಅನ್ನೋಣವೇ?

ಅಂದ ಹಾಗೆ, ಇಳಯರಾಜರು ನಮಗೆ ಪರಕೀಯರೇನಲ್ಲ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ಗಳ ಜಿ.ಕೆ. ವೆಂಕಟೇಶ್ ಬಳಿ ಸಹಾಯಕರಾಗಿ ದುಡಿದವರು. 'ಗೀತಾ' ಹಾಡುಗಳಿಗೆ ಕುಣಿಯುವ ನಾವು ಅದೇ ಕೈ ಬರೆದ ಇನ್ನೊಂದು ಸಂಗೀತಕ್ಕೆ ಎರಡು ನಿಮಿಷ ಕೊಡುವುದಿಲ್ಲ.

ಎರಡು ನಿಮಿಷ ಬಿಡಿ, ಸ್ಪಾಟಿಫೈಯವರ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಹಾಗೆ. ಹಾಗಾದ ಮೇಲೆ ಮೂರನೆಯ ನಿಮಿಷದಲ್ಲಿ ತೆರೆದುಕೊಳ್ಳುವ ಸಂಗೀತವನ್ನು ಯಾರು ಯಾಕೆ ಬರೆಯಬೇಕು? ನನಗೆ ಸಿಟ್ಟು ಬರುವುದು ಇಲ್ಲಿ. ನಿಮಗೆ ಹಿಡಿಸದಿದ್ದರೆ ಹೋಗಲಿ, ಆದರೆ ಅಂಥದ್ದು ಹುಟ್ಟುವ ಜಾಗವನ್ನೇ ಮುಚ್ಚುತ್ತಿದ್ದೀರಿ. ಕ್ಯಾಸೆಟ್ಟಿಗೆ ಒಂದು ಗುಣವಿತ್ತು, ಮುಂದಕ್ಕೆ ಓಡಿಸುವುದೇ ಒಂದು ರಗಳೆ, ಸುಮ್ಮನೆ ಕೂತು ಕೇಳುತ್ತಿದ್ದೆವು.

ಇಷ್ಟಕ್ಕೂ ಈ ಚೆನ್ನೈಯನ್ನು ಮೊದಲ ದಿನವೇ ಮೆಚ್ಚಿದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಮೇ ತಿಂಗಳ ಬೆವರು, ಲಾರಿ ನೀರಿಗೆ ಬಿಂದಿಗೆ ಸಾಲು, ಆಟೋದವರ ಜೊತೆ ಜಗಳ. ಮೇಲಿನ ವಾದ ಹೂಡುವವರಲ್ಲೊಬ್ಬರು ಬಂದ ವರ್ಷವೇ ಬೆಂಗಳೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದವರು. ಈಗ ನಂಗನಲ್ಲೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದಾರೆ, ಊರಿಗೆ ಹೋದರೆ ನಾಲ್ಕನೇ ದಿನಕ್ಕೆ ವಾಪಸ್!

2025ರ ಮಾರ್ಚ್ 8ರಂದು ಇಳಯರಾಜರ ಸಿಂಫನಿ 'ವೇಲಿಯಂಟ್' ಲಂಡನ್ನಿನಲ್ಲಿ ನುಡಿಯಿತು. ಮರುದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಮಿಷದ ತುಣುಕು ಹನ್ನೊಂದು ಸಲ ಫಾರ್ವರ್ಡ್ ಆಯಿತು, ಕೈಮುಗಿದ ಚಿತ್ರಗಳೇ ಚಿತ್ರಗಳು. ಇದೇ ಸಮಯ ಅಂತ 'ಹೌ ಟು ನೇಮ್ ಇಟ್?' ಕೇಳಿದ್ದೀರಾ ಅಂತ ಬರೆದೆ. ಬಂದದ್ದು ಒಂದೇ ಉತ್ತರ: "ಯಾವ ಪಿಕ್ಚರ್ರು ಸಾರ್?"