ರೋಗ ಬಾರದಂತೆ ಕಾಯುವ ಸೈನಿಕ ವೈದ್ಯ

ಹಾರೂಗೇರಿ, ರಾಯಬಾಗ, ಅಥಣಿ, ಚಿಕ್ಕೋಡಿ ಭಾಗದ ಅನೇಕ ಮನೆಗಳ ಗೋಡೆಯ ಮೇಲೆ ಸೈನಿಕ ಸಮವಸ್ತ್ರದ ಭಾವಚಿತ್ರವೊಂದು ಇದ್ದೇ ಇರುತ್ತದೆ. ಗಡಿ ಕಾದವರನ್ನು ನಾವು ಗೌರವಿಸುತ್ತೇವೆ. ಆ ಸೈನಿಕರನ್ನು ಕಾದ ವೈದ್ಯರನ್ನು ಮಾತ್ರ ಬಲ್ಲವರು ಕಡಿಮೆ. ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಬೇರೆ. ರೋಗವೇ ತಲೆಯೆತ್ತದಂತೆ ನೋಡಿಕೊಳ್ಳುವ ವೈದ್ಯರು ಬೇರೆ. ಇಲ್ಲಿ ಹೇಳಹೊರಟಿರುವುದು ಈ ಎರಡನೆಯವರ ವಿಷಯ.

ಕ್ರಿಮಿಯಾ ಯುದ್ಧದಲ್ಲಿ (1853–56) ಬ್ರಿಟಿಷ್ ಸೈನಿಕರು ಗಾಯಗಳಿಗಿಂತ ಕಾಲರಾ, ಆಮಶಂಕೆ, ಜ್ವರಗಳಿಂದಲೇ ಹೆಚ್ಚಾಗಿ ಸತ್ತರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಮರಣ ಹೊಂದುತ್ತಿದ್ದರೆಂದು 1863ರ ಆಯೋಗದ ವರದಿ ತಿಳಿಸಿತು. ಕೊಳಕು ನೀರು, ಚರಂಡಿಯಿಲ್ಲದ ನೆಲೆ, ಇಕ್ಕಟ್ಟಾದ ವಸತಿ ಇದಕ್ಕೆ ಕಾರಣವಾಗಿದ್ದವು. 1895ರಲ್ಲಿ ಕಾಲರಾ ನಿವಾರಣೆಗಾಗಿ ಬೆಂಗಳೂರಿಗೆ ಬಂದ ಸೇನಾ ವೈದ್ಯ ರೊನಾಲ್ಡ್ ರಾಸ್ ಅವರೇ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡರು.

ಇಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಈ ಶಾಸ್ತ್ರದ ವಿಶೇಷ ಶಿಕ್ಷಣ ದೊರೆಯುತ್ತದೆ. ಈ ವೈದ್ಯರು ಸೈನಿಕರ ಅಡುಗೆಮನೆ, ಅಡಿಗೆಯವರ ಆರೋಗ್ಯ, ಶೌಚಾಲಯ, ನಿಂತ ನೀರು, ಲಸಿಕೆ ಎಲ್ಲವನ್ನೂ ಪರಿಶೀಲಿಸುತ್ತಾರೆ. ಹಿಮಾಲಯದಲ್ಲಿ 9,000 ಅಡಿಗಿಂತ ಎತ್ತರಕ್ಕೆ ಹೋದ ಯೋಧನನ್ನು ಮೊದಲ ಹಂತದಲ್ಲಿ 6 ದಿನ ಅಲ್ಲಿಯ ಹವೆಗೆ ಒಗ್ಗಿಸಿದ ಮೇಲೆಯೇ ಇನ್ನೂ ಮೇಲಕ್ಕೆ ಕಳುಹಿಸಲಾಗುತ್ತದೆ.

ಅವರ ಕೆಲಸ ಸಫಲವಾದರೆ ಏನೂ ಸಂಭವಿಸುವುದಿಲ್ಲ. ಆದ್ದರಿಂದಲೇ ಅವರಿಗೆ ಹಾರ ಹಾಕುವವರಿಲ್ಲ. ಫಲವನ್ನು ಕಣ್ಣಾರೆ ಕಾಣದೆಯೂ ನಿತ್ಯ ನಡೆಸುವ ಇಂತಹ ದುಡಿಮೆ ನಿಜವಾದ ಕಾಯಕವೆಂದು ನನ್ನ ಭಾವನೆ.

ಈ ಕಾಯಕ ನಮ್ಮ ಊರುಗಳಿಗೂ ಬೇಕು. ಜಾತ್ರೆಯೆಂದರೆ ಕೆಲವು ದಿನಗಳ ಮಟ್ಟಿಗೆ ಒಂದು ಸೇನಾ ಶಿಬಿರವೇ ಸರಿ: ಸಾವಿರಾರು ಜನ, ಒಂದೇ ಅಡುಗೆ, ಒಂದೇ ನೀರು. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರವನ್ನು ಕಂಡ ನಮಗೆ ನೀರು ಕೆಡುವುದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂದು ತಿಳಿಯಲು ಸೇನಾ ವೈದ್ಯ ಹಾರಕ್ಸ್ ರೂಪಿಸಿದ ಸರಳ ಪರೀಕ್ಷೆಯೊಂದಿದೆ. ಆರು ಬಿಳಿ ಬಟ್ಟಲುಗಳ ನೀರಿಗೆ ಪುಡಿಯ ದ್ರಾವಣವನ್ನು ಕ್ರಮವಾಗಿ ಒಂದು ಹನಿಯಿಂದ ಆರು ಹನಿಯವರೆಗೆ ಹಾಕಿ, ಅರ್ಧ ಗಂಟೆಯ ನಂತರ ಸೂಚಕ ದ್ರಾವಣವನ್ನು ಬೆರೆಸುತ್ತಾರೆ. ಮೂರನೆಯ ಬಟ್ಟಲಿನಿಂದ ನೀಲಿ ಬಣ್ಣ ಕಾಣತೊಡಗಿದರೆ 455 ಲೀಟರ್ ನೀರಿಗೆ 6 ಗ್ರಾಂ ಪುಡಿ ಬೇಕೆಂದು ಅರ್ಥ. ಪುಡಿ ಬೆರೆಸಿದ ಒಂದು ಗಂಟೆಯ ನಂತರವೇ ಆ ನೀರನ್ನು ಕುಡಿಯಲು ಕೊಡಬೇಕು.

ಸೇನೆಯಲ್ಲಿ ಆಜ್ಞೆಯಿರುತ್ತದೆ, ಊರಿನಲ್ಲಿ ಯಾರು ಕೇಳುತ್ತಾರೆ ಎಂದು ಕೆಲವರು ಪ್ರಶ್ನಿಸಬಹುದು. ಶ್ರೀಮಠದ ಬಾಗಿಲಲ್ಲಿ ಪಾದರಕ್ಷೆ ಬಿಡಿರೆಂದು ನಮಗೆ ಯಾವ ಅಧಿಕಾರಿಯೂ ಆಜ್ಞೆ ಮಾಡಿಲ್ಲ, ಭಕ್ತಿಯಿಂದಲೇ ಬಿಡುತ್ತೇವೆ. ಆಜ್ಞೆ ಮಾಡಲಾರದ್ದನ್ನು ಶ್ರದ್ಧೆ ಮಾಡಬಲ್ಲದು. ಶಿಸ್ತು ಬಲ್ಲ ಮಾಜಿ ಸೈನಿಕರು ಊರೂರಿಗೂ ಇದ್ದಾರೆ. ಬರುವ ಜಾತ್ರೆಗೆ ಎರಡು ದಿನ ಮೊದಲೇ ಅವರು ಪ್ರಾಥಮಿಕ ಆರೋಗ್ಯ ಕೇಂದ್ರದವರೊಡನೆ ಸೇರಿ ದಾಸೋಹದ ನೀರಿನ ತೊಟ್ಟಿಗಳನ್ನು ತೊಳೆಯಿಸಲಿ, ನೀರನ್ನು ಪರೀಕ್ಷಿಸಲಿ, ಬಡಿಸುವವರ ಕೈತೊಳೆಯಲು ಸಾಬೂನಿನ ವ್ಯವಸ್ಥೆ ಮಾಡಲಿ. ಪ್ರಸಾದ ಸ್ವೀಕರಿಸಿದ ಮಗುವೊಂದು ಮರುದಿನ ವಾಂತಿಭೇದಿಯಿಂದ ಮಲಗದೆ ಆಟವಾಡುತ್ತಿದ್ದರೆ, ಅದೇ ಅವರಿಗೆ ಸಲ್ಲುವ ಗೌರವ.