ಹಳೇ ಬಟ್ಟೆ ನಮಗೆ ಹೊಸ ಫ್ಯಾಷನ್ ಅಲ್ಲ

ಮೊನ್ನೆ ನಮ್ಮ ಆಫೀಸಿನಲ್ಲಿ ಪರಿಸರ ದಿನಾಚರಣೆ. ಬಂದ ಅತಿಥಿ ‘ಸರ್ಕ್ಯುಲರ್ ಫ್ಯಾಷನ್’ ಅಂತ ಒಂದು ಗಂಟೆ ಮಾತಾಡಿದರು. ಹರಿದದ್ದನ್ನು ಹೊಲಿದು ಹಾಕ್ಕೊಳ್ಳಿ, ಇನ್ನೊಬ್ಬರು ಬಿಟ್ಟ ಬಟ್ಟೆ ತೊಡೋಕೆ ನಾಚಿಕೆ ಯಾಕೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ನಾಚಿಕೆ ಯಾಕೆ ಅಂತ ನಾನು ಹೇಳ್ತೀನಿ ಕೇಳಿ.

ಹತ್ತನೇ ಕ್ಲಾಸಿನವರೆಗೂ ನಾನು ಹಾಕಿದ್ದು ಊರ ಸಾಹುಕಾರರ ಮಗನ ಹಳೇ ಅಂಗಿ. ಅವರ ಕೊಟ್ಟಿಗೆ ಸಗಣಿ ಬಾಚುತ್ತಿದ್ದ ನಮ್ಮವ್ವ ಹಬ್ಬದ ದಿನ ಹಿತ್ತಲ ಬಾಗಿಲಲ್ಲಿ ಸೆರಗೊಡ್ಡಿ ನಿಲ್ಲೋಳು. ಬಟ್ಟೆ ಮೇಲಿನಿಂದ ಬೀಳೋದು, ಕೈಗೆ ಕೊಡ್ತಿರಲಿಲ್ಲ. ‘ಅದು ನನ್ನ ಅಂಗಿ ಕಣೋ’ ಅಂತ ಆ ಹುಡುಗ ಇಡೀ ಕ್ಲಾಸಿನ ಮುಂದೆ ಅಂದಿದ್ದ.

ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಚಂಡಾಲರು ಹೆಣದ ಬಟ್ಟೆ ಉಡಬೇಕು ಅಂತ ಬರೆದಿದೆ. ನಿಮ್ಮ ಮರುಬಳಕೆ ನಮಗೆ ಶಿಕ್ಷೆಯಾಗಿತ್ತು ಸ್ವಾಮಿ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಟ್ಟಿದ್ದು ಆ ಪುಸ್ತಕವನ್ನೇ. ಅಸ್ಪೃಶ್ಯರು ಅಂತ ಗುರುತು ಹಿಡಿಯೋ ಹಾಗೆ ಸೀರೆ ಉಡಬೇಡಿ ಅಂತ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೂ ಅಲ್ಲೇ. ಅವರ ಕೋಟು ನಮಗೆ ಬರೀ ಬಟ್ಟೆಯಲ್ಲ.

ಮೊದಲ ಸಂಬಳದಲ್ಲಿ ಹೊಸ ಅಂಗಿ ಹೊಲಿಸಿದೆ. ಇನ್ನೊಬ್ಬರು ಬಿಟ್ಟದ್ದು ಇನ್ನು ಮನೆಗೆ ಬರಬಾರದು ಅಂದುಕೊಂಡೆ. ಹೋದ ವರ್ಷ ಮಗಳು ಸೆಕೆಂಡ್ ಹ್ಯಾಂಡ್ ಜಾಕೆಟ್ ತಂದಳು. ರೇಗಿಬಿಟ್ಟೆ. ‘ಅಪ್ಪಾ, ಇದು ಯಾರೂ ಎಸೆದಿದ್ದಲ್ಲ. ನಾನೇ ಆರಿಸಿ, ದುಡ್ಡು ಕೊಟ್ಟು ತಂದಿದ್ದು’ ಅಂದಳು. ಬಾಯಿ ಕಟ್ಟಿತು. ಆರಿಸೋ ಹಕ್ಕು ನಮ್ಮವ್ವನಿಗೆ ಇರಲಿಲ್ಲ.

ಅವತ್ತಿನಿಂದ ನಾನೂ ಬದಲಾದೆ. ಕಾಲರ್ ಸವೆದರೆ ತಿರುಗಿಸಿ ಹೊಲಿಸ್ತೀನಿ. ಅವ್ವನ ಹಳೇ ಸೀರೆ ಕೌದಿಯಾಗಿದೆ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಅನ್ನೋ ಅಂದಾಜಿದೆ. ಈ ಭೂಮಿ ನಮ್ಮದೂ ಹೌದು.

ಆದರೆ ಒಂದು ಪ್ರಶ್ನೆ. ನಿಮ್ಮ ಕಸದಿಂದ ಬಟ್ಟೆ ಬೇರ್ಪಡಿಸೋ ಪೌರಕಾರ್ಮಿಕರು ಯಾರು? ಬಹುಪಾಲು ನಮ್ಮವರೇ. ಹೊರದೇಶದ ಹಳೇ ಸ್ವೆಟರ್ ಹರಿದು ಮತ್ತೆ ನೂಲು ಮಾಡೋ ಪಾಣಿಪತ್‌ನಲ್ಲಿ ಆ ಧೂಳು ಕುಡಿಯೋದು ಕೂಲಿಯವರ ಎದೆ. ಈ ಚಕ್ರ ತಿರುಗಿಸೋರಲ್ಲಿ ಒಬ್ಬರನ್ನಾದರೂ ವೇದಿಕೆಗೆ ಕರೆದಿರಾ? ಅವರ ಕೂಲಿ, ಗ್ಲೌಸು, ಮಾಸ್ಕಿನ ಬಗ್ಗೆ ಒಂದು ಮಾತು ಆಡಿದಿರಾ?

ದಾನ ಬೇಡ. ನಿಮ್ಮ ಅಂಗಿ ನಾನು ಹಾಕ್ತೀನಿ, ನನ್ನ ಅಂಗಿ ನೀವು ಹಾಕ್ತೀರಾ? ಹಾಕಿದ ದಿನ ಅದು ಸರ್ಕ್ಯುಲರ್. ಅಲ್ಲೀವರೆಗೆ ಮೇಲಿಂದ ಕೆಳಗೆ ಬೀಳೋದು, ಅಷ್ಟೇ.

ಜೈ ಭೀಮ್.